ಅಂಗಡಿಯ ನಂಬರು ಶಾರ್ಜಾಕ್ಕೆ ಹೋದರೆ

ಮಂಗಳೂರು ಬಂದರಿನ ಜೀನಸಿ ವ್ಯಾಪಾರಿಯೊಬ್ಬರು ಕಳೆದ ವರ್ಷ ಮಗನ ಮನೆಗೆಂದು ಶಾರ್ಜಾಕ್ಕೆ ಹೋಗಿ ಇಪ್ಪತ್ತು ದಿನ ಇದ್ದು ಬಂದರು. ಹೋಗುವಾಗ ಹಪ್ಪಳ, ಉಪ್ಪಿನಕಾಯಿ, ಸೊಸೆಗೆಂದು ಐದು ಕಿಲೋ ಕುಚ್ಚಲಕ್ಕಿ ಒಯ್ದರು. ಬರುವಾಗ ಖರ್ಜೂರ, ಎರಡು ಸೆಂಟು ಬಾಟ್ಲಿ, ಮೊಮ್ಮಗನ ಫೋಟೋ ತಂದರು. ಅದರ ಹಿಂದೆಯೇ ಯಾರೂ ತರಲು ಹೇಳದ ಇನ್ನೊಂದು ವಸ್ತು ಬಂತು. ಮೊಬೈಲ್ ಬಿಲ್ಲು. ಅಂಗಡಿಯ ಒಂದು ತಿಂಗಳ ಬಾಡಿಗೆಗಿಂತ ಆ ಬಿಲ್ಲಿನ ಮೊತ್ತ ಹೆಚ್ಚಿತ್ತು.

ಈ ಮನುಷ್ಯ ದುಂದುಗಾರನಲ್ಲ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿಗೆ ಅಂಗಡಿಯ ಫ್ಯಾನು ನಿಲ್ಲಿಸುವವರು, ಗೋಣಿಯ ದಾರವನ್ನೂ ಸುತ್ತಿಡುವವರು. ಶಾರ್ಜಾದಿಂದ ಅವರಾಗಿ ಊರಿಗೆ ಮಾಡಿದ ಕರೆಗಳು ಒಂದು ಕೈಯ ಬೆರಳೆಣಿಕೆಯಷ್ಟು. ಹಾಗಾದರೆ ದುಡ್ಡು ಹೋದದ್ದು ಎಲ್ಲಿ?

ಹೋದದ್ದು ಬಂದ ಕರೆಗಳಲ್ಲಿ. ಅಂಗಡಿಯ ಬೋರ್ಡಿನಲ್ಲಿ ಹದಿನೈದು ವರ್ಷದಿಂದ ಒಂದೇ ನಂಬರು ಉಂಟು. ಬಿಲ್ ಪುಸ್ತಕದಲ್ಲಿ ಅದೇ, ಕ್ಯಾಲೆಂಡರಿನಲ್ಲಿ ಅದೇ. ವಿಟ್ಲದ, ಮೂಡಬಿದಿರೆಯ, ಬಿ.ಸಿ.ರೋಡಿನ ಸಣ್ಣ ಅಂಗಡಿಯವರೆಲ್ಲ ಕರೆಯುವುದು ಅದಕ್ಕೇ. ‘ಸಾವುಕಾರ್ರೆ, ಕುಚ್ಚಲಕ್ಕಿ ರೇಟು ಎಂತ ಆಯ್ತು?’ ‘ಬೆಲ್ಲದ ಲೋಡು ಬಂತಾ?’ ಸಾವುಕಾರರು ಮಗನ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕುಳಿತು ಪ್ರತಿಯೊಬ್ಬನಿಗೂ ಉತ್ತರ ಕೊಟ್ಟರು. ತಾವು ಈಗ ಅಂಗಡಿಯಲ್ಲಿಲ್ಲ, ಗಲ್ಫಿನಲ್ಲಿದ್ದೇವೆ ಎಂದು ಹೆಮ್ಮೆಯಿಂದ ವಿವರಿಸಿದರು. ಆ ಹೆಮ್ಮೆಗೂ ನಿಮಿಷದ ಲೆಕ್ಕ ಬಿತ್ತು. ಬಂದ ಕರೆಗೆ ಎಂತ ಚಾರ್ಜು ಮಾರಾಯ್ರೆ, ಮಾಡಿದವನಿಗಲ್ಲವಾ ಎಂಬುದು ಅವರ ನಂಬಿಕೆ. ಊರಿನ ಮಟ್ಟಿಗೆ ಅದು ಸರಿಯಾದ ನಂಬಿಕೆಯೇ.

ವಿದೇಶದಲ್ಲಿ ಮಾತ್ರ ಆ ಲೆಕ್ಕ ತಿರುವುಮುರುವು. ಮಂಗಳೂರಿನಿಂದ ಮಂಗಳೂರಿನ ನಂಬರು ಒತ್ತಿದ ಗಿರಾಕಿ ಊರಿನ ಕರೆಯ ದರದಲ್ಲೇ ಮಾತನಾಡುತ್ತಾನೆ. ಸಾವುಕಾರರು ಸಮುದ್ರದಾಚೆ ಇದ್ದಾರೆಂಬುದು ಅವನಿಗೆ ಗೊತ್ತಿಲ್ಲ. ಬಸ್ಸಿನ ಭಾಷೆಯಲ್ಲಿ ಹೇಳುವುದಾದರೆ ಅವನ ಟಿಕೆಟು ಸ್ಟೇಟ್‌ಬ್ಯಾಂಕಿನಿಂದ ಬಜ್ಪೆಯವರೆಗೆ ಮಾತ್ರ. ಬಜ್ಪೆಯಿಂದ ಶಾರ್ಜಾದವರೆಗಿನ ಟಿಕೆಟು ಫೋನು ಎತ್ತಿದವರ ತಲೆಗೆ. ಇಲ್ಲಿನ ಕಂಪನಿಗೆ ಶಾರ್ಜಾದಲ್ಲಿ ಟವರಿಲ್ಲ. ಅಲ್ಲಿನ ಕಂಪನಿಯ ಟವರಿನಲ್ಲಿ ಇಲ್ಲಿನ ಸಿಮ್ಮು ನೆಂಟನಂತೆ ಉಳಿದುಕೊಳ್ಳುತ್ತದೆ. ನೆಂಟನ ಊಟ-ತಿಂಡಿಯ ಪಟ್ಟಿಯನ್ನು ಅಲ್ಲಿನ ಕಂಪನಿ ಇಲ್ಲಿನ ಕಂಪನಿಗೆ ಕಳುಹಿಸುತ್ತದೆ. ಎರಡೂ ಕಂಪನಿಗಳ ನಡುವೆ ಮೊದಲೇ ಮಾತಾದ ಒಂದು ಸಗಟು ದರ ಇರುತ್ತದೆ. ಅದರ ಮೇಲೆ ಇಲ್ಲಿಯವರ ಲಾಭ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ. ಸಗಟು-ಚಿಲ್ಲರೆಯ ಗುಟ್ಟು ಬಂದರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಕ್ಕಿಯ ಸಗಟು ದರವನ್ನಾದರೂ ಪೇಟೆಯಲ್ಲಿ ವಿಚಾರಿಸಿ ತಿಳಿಯಬಹುದು, ಈ ಸಗಟು ದರ ಗಿರಾಕಿಯ ಕಣ್ಣಿಗೆ ಬೀಳುವುದೇ ಇಲ್ಲ.

ಇದರಲ್ಲಿ ಇನ್ನೊಂದು ವಕ್ರ ಉಂಟು. ‘ಫೋನು ಎತ್ತದಿದ್ದರೆ ಮಗನ ನಂಬರಿಗೆ ಹೋಗಲಿ’ ಎಂದು ಕರೆ ತಿರುಗಿಸುವ ಏರ್ಪಾಡು ಮಾಡಿ ವಿಮಾನ ಹತ್ತುವವರಿದ್ದಾರೆ. ಜಾಣತನವೆಂದೇ ತೋರುತ್ತದೆ. ಆದರೆ ಎತ್ತದಿದ್ದರೆ ಮಾತ್ರ ತಿರುಗುವ ಕರೆ ಮೊದಲು ಶಾರ್ಜಾಕ್ಕೆ ಹೋಗಿ, ಅಲ್ಲಿ ರಿಂಗಾಗಿ, ಬಳಿಕ ಅಲ್ಲಿಂದ ವಾಪಸು ಮಂಗಳೂರಿಗೆ ಬರುವುದುಂಟು. ಆಗ ಹೋಗುವ ದಾರಿಯ ದುಡ್ಡೂ ಬರುವ ದಾರಿಯ ದುಡ್ಡೂ ಸಾವುಕಾರರದ್ದೇ. ಹೊರಡುವ ಮೊದಲೇ, ಇನ್ನೂ ಊರಿನ ಟವರಿನಲ್ಲಿ ಇರುವಾಗಲೇ, ಎಲ್ಲ ಕರೆಯೂ ನೇರವಾಗಿ ಅಂಗಡಿಯಲ್ಲಿರುವವರ ನಂಬರಿಗೆ ಹೋಗುವಂತೆ ಮಾಡಿದರೆ ಕರೆ ಸಮುದ್ರ ದಾಟುವುದೇ ಇಲ್ಲ. ಎರಡು ಏರ್ಪಾಡಿಗೂ ಫೋನಿನ ಪರದೆಯ ಮೇಲಿರುವ ವ್ಯತ್ಯಾಸ ಒಂದೇ ಸಾಲು. ಆ ಸಾಲೂ ಹೆಚ್ಚಿನವರ ಫೋನಿನಲ್ಲಿ ಇಂಗ್ಲಿಷಿನಲ್ಲಿ.

ಕರೆಯದ್ದು ಒಂದು ಪಾಲಾದರೆ ಇಂಟರ್‌ನೆಟ್ಟಿನದ್ದು ಅದರಪ್ಪ. ಕರೆಯಾದರೆ ರಿಂಗಾಗುತ್ತದೆ, ಎತ್ತಬೇಕಾಗುತ್ತದೆ. ಡೇಟಾ ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ವಿಮಾನ ಇಳಿದು ಫೋನು ಚಾಲೂ ಆದ ಕೂಡಲೇ ಕುಟುಂಬದ ಗ್ರೂಪಿನ ಗುಡ್ ಮಾರ್ನಿಂಗ್ ಹೂವುಗಳು, ಯಾರದೋ ಮೆಹಂದಿಯ ವಿಡಿಯೋ, ಯಕ್ಷಗಾನದ ತುಣುಕು, ನಾಲ್ಕಾರು ಆ್ಯಪುಗಳ ಹೊಸ ಆವೃತ್ತಿ, ಎಲ್ಲವೂ ಸಾಲುಗಟ್ಟಿ ಇಳಿಯತೊಡಗುತ್ತವೆ. ಪಾಸ್‌ಪೋರ್ಟಿನ ಕ್ಯೂನಲ್ಲಿ ನಿಂತ ಹಿರಿಯರ ಕಿಸೆಯೊಳಗೆ ಮೀಟರು ಓಡುತ್ತಿರುತ್ತದೆ. ಪ್ಯಾಕ್ ಹಾಕಿಸದೆ ಹೋದವರಿಗೆ ಬೀಳುವ ದರಕ್ಕೂ ಪ್ಯಾಕಿನ ದರಕ್ಕೂ ಅಜಗಜಾಂತರ. ಬರೀ ಲೆಕ್ಕಕ್ಕೆಂದು ಒಂದು ಎಂಬಿಗೆ 100 ರೂಪಾಯಿ ಎಂದು ಹಿಡಿಯಿರಿ. 4 ಎಂಬಿಯ ಒಂದು ವಿಡಿಯೋ ತುಣುಕಿಗೆ 400 ರೂಪಾಯಿ. ಅಂಥದ್ದು ಹತ್ತು ಬಂದರೆ 4,000. ಊರಿನಲ್ಲಿ ಹುಡುಗರು ಬಸ್ಸಿನಲ್ಲಿ ಕುಳಿತು ಸಂಜೆಯೊಳಗೆ ಮುಗಿಸುವ 1 ಜಿಬಿ ಎಂದರೆ 1,024 ಎಂಬಿ, ಅಂದರೆ ಒಂದು ಲಕ್ಷದ ಎರಡು ಸಾವಿರದ ನಾನೂರು ರೂಪಾಯಿ.

ಗಲ್ಫಿಗೆ ಹೋದವರಿಗೆ ಇಲ್ಲಿ ಇನ್ನೊಂದು ಮೋಹ ಕಾದಿರುತ್ತದೆ. ಯು.ಎ.ಇ.ಯಲ್ಲಿ ವಾಟ್ಸಾಪ್ ಮೂಲಕ ಮಾತನಾಡಲು ಬಹುಕಾಲದಿಂದ ತಡೆ ಉಂಟು. ಮೆಸೇಜು ಹೋಗುತ್ತದೆ, ಫೋಟೋ ಹೋಗುತ್ತದೆ, ಕರೆ ಹೋಗುವುದಿಲ್ಲ. ಅಲ್ಲಿ ಇರುವವರು ಪರವಾನಗಿ ಪಡೆದ ಬೇರೆ ಆ್ಯಪು ಬಳಸುತ್ತಾರೆ. ಆದರೆ ಊರಿನ ಸಿಮ್ಮಿನ ರೋಮಿಂಗ್ ಡೇಟಾ ಸಾಮಾನ್ಯವಾಗಿ ಊರಿನ ಕಂಪನಿಯ ಮೂಲಕವೇ ಸುತ್ತಿ ಬರುವುದರಿಂದ ಅದರಲ್ಲಿ ವಾಟ್ಸಾಪ್ ಕರೆ ಹೋಗಿಬಿಡುವುದುಂಟು. ಮಗನ ಮನೆಯ ವೈಫೈಯಲ್ಲಿ ಆಗದ್ದು ತನ್ನ ಸಿಮ್ಮಿನಲ್ಲಿ ಆಯಿತೆಂದು ಅಪ್ಪನಿಗೆ ಖುಷಿ. ‘ನೋಡು, ನಿಂಗೆ ಗೊತ್ತಿಲ್ಲ, ನಂದರಲ್ಲಿ ಹೋಗ್ತದೆ’ ಎಂದು ಮಗನಿಗೇ ಪಾಠ. ಮೊಮ್ಮಗನ ಮುಖ ಅಜ್ಜಿಗೆ ತೋರಿಸುವ ವಿಡಿಯೋ ಕರೆ ಅರ್ಧ ಗಂಟೆ ನಡೆಯುತ್ತದೆ. ಬಂದರಿನ ಬಿಲ್ಲಿನಲ್ಲಿ ಅಂಥ ಎರಡು ಸಂಜೆಗಳು ಸೇರಿಕೊಂಡಿದ್ದವು.

ಒಂದು ಕಾಲವಿತ್ತು. ಈ ಜಿಲ್ಲೆಯಿಂದ ಗಲ್ಫಿಗೆ ಹೋದವರು ಕ್ಯಾಸೆಟ್ಟಿನಲ್ಲಿ ಧ್ವನಿ ತುಂಬಿಸಿ, ಊರಿಗೆ ಹೊರಟ ಗೆಳೆಯನ ಕೈಯಲ್ಲಿ ಕಳುಹಿಸುತ್ತಿದ್ದರು. ಮನೆಯವರೆಲ್ಲ ಸುತ್ತ ಕುಳಿತು ಕೇಳುವುದು, ಅಳುವುದು, ಅದೇ ಕ್ಯಾಸೆಟ್ಟಿನ ಇನ್ನೊಂದು ಬದಿಯಲ್ಲಿ ಉತ್ತರ ತುಂಬಿಸುವುದು. ಬಳಿಕ ಎಸ್‌ಟಿಡಿ-ಐಎಸ್‌ಡಿ ಬೂತುಗಳು ಬಂದವು. ಗಾಜಿನ ಪೆಟ್ಟಿಗೆಯೊಳಗೆ ಕೆಂಪು ಅಕ್ಷರದ ಮೀಟರು ಕಣ್ಣೆದುರೇ ಓಡುತ್ತಿತ್ತು. ಅಮ್ಮ ಮೀಟರು ನೋಡುತ್ತಲೇ ‘ಉಂಡೆಯಾ?’ ಎಂದು ಕೇಳಿ ಇಡುತ್ತಿದ್ದಳು. ಮಾತು ತುಟ್ಟಿಯಾಗಿತ್ತು ನಿಜ, ಆದರೆ ಎಷ್ಟು ತುಟ್ಟಿ ಎಂಬುದು ಆ ಕ್ಷಣಕ್ಕೇ ಗೊತ್ತಾಗುತ್ತಿತ್ತು.

ದೇಶಕ್ಕೆ ಮೊಬೈಲು ಬಂದದ್ದು 1995ರಲ್ಲಿ. ಮೊದಲ ವರ್ಷಗಳಲ್ಲಿ ನಿಮಿಷಕ್ಕೆ 16 ರೂಪಾಯಿಯವರೆಗೂ ದರವಿತ್ತು, ಬಂದ ಕರೆಗೂ ದುಡ್ಡು ತೆರಬೇಕಿತ್ತು. ಒಂದು ಮಿಸ್ಡ್ ಕಾಲ್ ಎಂದರೆ ಹೊರಟೆ, ಎರಡು ಎಂದರೆ ತಲುಪಿದೆ ಎಂಬ ಸಂಕೇತಗಳು ಹುಟ್ಟಿದ್ದು ಆಗ. ಬಂದ ಕರೆ ಉಚಿತವಾದದ್ದು 2003ರಲ್ಲಿ. ಅಂದಿನಿಂದ ಜನರಿಗೆ ಅದು ಗಾಳಿ-ನೀರಿನಷ್ಟೇ ಸಹಜವಾಗಿ ಹೋಗಿದೆ. ಶಾರ್ಜಾದ ಬಾಲ್ಕನಿಯಲ್ಲಿ ಕುಳಿತವರಿಗೆ ಮೈಮೇಲೆ ಬಂದದ್ದು ಆ ಮರೆತ ಹಳೇ ಕಾಲವೇ.

ರೋಮಿಂಗ್ ಎಂದರೇನೆಂದು ತಿಳಿಯಲು ಈ ಊರಿನವರು ವಿಮಾನ ಹತ್ತಬೇಕಾಗಿಯೂ ಇಲ್ಲ. ಕಾಸರಗೋಡು ಬಸ್ಸಿನಲ್ಲಿ ದಿನಾ ಓಡಾಡುವವರಿಗೆ ನೆನಪಿರಬಹುದು. ತಲಪಾಡಿ ದಾಟುತ್ತಿದ್ದಂತೆ ಫೋನು ಕುಂಯ್ ಎನ್ನುತ್ತಿತ್ತು, ಕೇರಳಕ್ಕೆ ಸ್ವಾಗತ ಎಂಬ ಸಂದೇಶ ಬರುತ್ತಿತ್ತು. ಕೇರಳ ಬೇರೆ ಸರ್ಕಲ್ಲು, ಆದ್ದರಿಂದ ಬೇರೆ ದರ. ಮಂಜೇಶ್ವರದ ಅಕ್ಕನ ಮನೆಯಲ್ಲಿ ಫೋನು ಎತ್ತಲೋ ಬೇಡವೋ ಎಂದು ಯೋಚಿಸಿದವರು ಎಷ್ಟು ಜನ! ಕೆಲವೊಮ್ಮೆ ಗಡಿಯ ಈಚೆಗೇ ನಿಂತಿದ್ದರೂ ಆಚೆಯ ಟವರು ಹಿಡಿದು ದುಡ್ಡು ಹೋಗುತ್ತಿತ್ತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2013ರಲ್ಲಿಯೂ 2015ರಲ್ಲಿಯೂ ಆ ದರಗಳ ಮಿತಿಯನ್ನು ಇಳಿಸಿತು. 2016ರ ಸೆಪ್ಟೆಂಬರಿನಲ್ಲಿ ಹೊಸ ಕಂಪನಿಯೊಂದು ಪೈಪೋಟಿಗೆ ಇಳಿದ ಮೇಲೆ ಉಳಿದವರೂ ದೇಶದೊಳಗಿನ ರೋಮಿಂಗ್ ದರವನ್ನು ಕೈಬಿಟ್ಟರು. ತಲಪಾಡಿಯ ಟವರು ಇದ್ದಲ್ಲೇ ಇತ್ತು, ತಂತಿಯೂ ಅದೇ. ದರ ಮಾತ್ರ ಮಾಯವಾಯಿತು. ಇಷ್ಟು ದಿನ ತೆತ್ತದ್ದು ಯಾವುದರ ಖರ್ಚಿಗೆ ಎಂದು ಆಗ ಯಾರೂ ಕೇಳಲಿಲ್ಲ.

ಯುರೋಪಿನವರು ಕೇಳಿದರು. ಅಲ್ಲಿ ಬೆಳಿಗ್ಗೆ ಒಂದು ದೇಶ, ಮಧ್ಯಾಹ್ನ ಇನ್ನೊಂದು ದೇಶ, ಹೆಜ್ಜೆಗೊಂದು ತಲಪಾಡಿ. ಯುರೋಪಿಯನ್ ಒಕ್ಕೂಟ 2007ರಲ್ಲಿ ಕಂಪನಿಗಳಿಗೆ ಮಿತಿ ಹಾಕಿತು. ಮಾಡಿದ ಕರೆಗೆ ನಿಮಿಷಕ್ಕೆ 49 ಸೆಂಟು, ಬಂದ ಕರೆಗೆ 24 ಸೆಂಟು, ತೆರಿಗೆ ಬೇರೆ. ಅದಕ್ಕಿಂತಲೂ ಮುಖ್ಯವಾದದ್ದು 2010ರಲ್ಲಿ ಆಯಿತು. ಗಿರಾಕಿ ತಾನಾಗಿ ಬೇರೆ ಹೇಳದಿದ್ದರೆ ರೋಮಿಂಗ್ ಡೇಟಾದ ಖರ್ಚು 50 ಯೂರೋ ಮುಟ್ಟಿದೊಡನೆ ಸಂಪರ್ಕ ಕಡಿಯಬೇಕು, ಅದಕ್ಕೆ ಮೊದಲೇ ಎಚ್ಚರಿಕೆ ಕೊಡಬೇಕು ಎಂದು ಕಾನೂನಾಯಿತು. 2017ರ ಜೂನ್ 15ರಿಂದ ಒಕ್ಕೂಟದ ಒಳಗಿನ ಪ್ರವಾಸಕ್ಕೆ ರೋಮಿಂಗ್ ಹೆಚ್ಚುವರಿ ದರವೇ ರದ್ದಾಯಿತು. ಆ ನಿಯಮವನ್ನು 2032ರವರೆಗೆ ಮುಂದುವರಿಸಲಾಗಿದೆ. ಒಕ್ಕೂಟ ಬಿಟ್ಟು ಹೋದ ಬ್ರಿಟನ್ನಿನಲ್ಲಿ ಏನಾಯಿತು ಎಂಬುದೂ ನೋಡತಕ್ಕದ್ದು. 2022ರಲ್ಲಿ ಅಲ್ಲಿನ ಕೆಲವು ಕಂಪನಿಗಳು ಯುರೋಪಿಗೆ ಹೋಗುವವರಿಗೆ ಮತ್ತೆ ದರ ಹಾಕತೊಡಗಿದವು.

ಮಂಗಳೂರು-ಶಾರ್ಜಾ ನಡುವೆ ರೋಮಿಂಗ್ ಪೂರ್ತಿ ರದ್ದಾಗಲಿ ಎಂದು ಹೇಳುವುದು ಸುಲಭ, ಆಗುವುದು ಕಷ್ಟ. ಎರಡು ಸರಕಾರಗಳು ಕುಳಿತು ಮಾತಾಡಬೇಕು. ಆದರೆ 50 ಯೂರೋದ ಆ ಏರ್ಪಾಡಿಗೆ ಯಾವ ಅರಬ್ ದೇಶದ ಒಪ್ಪಿಗೆಯೂ ಬೇಡ. ಮನೆಯ ವಿದ್ಯುತ್ ಬೋರ್ಡಿನಲ್ಲಿ ಫ್ಯೂಸು ಇರುತ್ತದೆ. ಹೊರೆ ಮೀರಿದರೆ ಅದು ಹೋಗುತ್ತದೆ, ಮನೆ ಉಳಿಯುತ್ತದೆ. ವಿದೇಶಕ್ಕೆ ಹೋಗುವ ಮೊಬೈಲಿಗೂ ಅಂಥದ್ದೊಂದು ಫ್ಯೂಸು ಕಡ್ಡಾಯವಾಗಬೇಕು. ಇಂತಿಷ್ಟು ರೂಪಾಯಿ ಮುಟ್ಟಿದರೆ ಡೇಟಾ ಬಂದ್. ಮತ್ತೆ ಬೇಕಿದ್ದವನು ತಾನೇ ಕೇಳಿ ತೆರೆಸಿಕೊಳ್ಳಲಿ. ಪ್ರೀಪೇಯ್ಡ್ ಸಿಮ್ಮಿನವರಿಗೆ ಈ ಫ್ಯೂಸು ತಾನಾಗಿಯೇ ಉಂಟು. ಬ್ಯಾಲೆನ್ಸ್ ಮುಗಿದರೆ ಮುಗಿಯಿತು, ಹೋದದ್ದು ಅಷ್ಟೇ. ಪೋಸ್ಟ್‌ಪೇಯ್ಡ್‌ನವರಿಗೆ ಅದಿಲ್ಲ. ವ್ಯಾಪಾರಿಗಳ ನಂಬರುಗಳಲ್ಲಿ ಬಹಳಷ್ಟು ಪೋಸ್ಟ್‌ಪೇಯ್ಡ್. ಮಧ್ಯೆ ಕಡಿದುಹೋದರೆ ವ್ಯಾಪಾರ ಕೆಡುತ್ತದೆಂದು ತೆಗೆದುಕೊಂಡದ್ದು.

ಕಂಪನಿಗಳು ಕೈಕಟ್ಟಿ ಕುಳಿತಿವೆ ಎಂದರೆ ಅನ್ಯಾಯವಾದೀತು. ಎಚ್ಚರಿಕೆಯ ಸಂದೇಶ ಬರುತ್ತದೆ, ಕೆಲವರು ಒಂದು ಹಂತದಲ್ಲಿ ತಡೆಯನ್ನೂ ಹಾಕುತ್ತಾರೆ. ಹತ್ತು ದಿನ, ಮೂವತ್ತು ದಿನ ಎಂದು ಪ್ಯಾಕುಗಳನ್ನೂ ಮಾಡಿದ್ದಾರೆ. ತಿಳಿದವರಿಗೆ ಆ ಪ್ಯಾಕು ದುಬಾರಿಯೇನಲ್ಲ. ಆದರೆ ಎಚ್ಚರಿಕೆಯ ಸಂದೇಶ ಬರುವುದು ವಿಮಾನ ಇಳಿದ ಗಡಿಬಿಡಿಯಲ್ಲಿ, ಸ್ವಾಗತ ಕೋರುವ ಇನ್ನಾರು ಸಂದೇಶಗಳ ನಡುವೆ, ಇಂಗ್ಲಿಷಿನಲ್ಲಿ. ತಡೆ ಎಷ್ಟಕ್ಕೆ ಬೀಳಬೇಕೆಂಬುದು ಕಂಪನಿಯ ಮರ್ಜಿ. ಟ್ರಾಯ್ 2020ರಲ್ಲಿ ಅಂತಾರಾಷ್ಟ್ರೀಯ ರೋಮಿಂಗ್ ಬಗ್ಗೆಯೇ ಸಮಾಲೋಚನಾ ಪತ್ರ ಹೊರಡಿಸಿ, ಬಿಲ್ಲು ನೋಡಿ ಗಿರಾಕಿ ಬೆಚ್ಚಿಬೀಳುವ ಈ ವಿಷಯವನ್ನು ಎತ್ತಿಕೊಂಡಿತ್ತು. ರೋಗ ಏನೆಂದು ದಿಲ್ಲಿಗೆ ಗೊತ್ತಿಲ್ಲದ್ದೇನಲ್ಲ.

ಪ್ಯಾಕಿನಲ್ಲಿಯೂ ಎಡವುವ ಕಲ್ಲುಗಳುಂಟು. ಯು.ಎ.ಇ.ಗೆ ಎಂದು ಹಾಕಿಸಿದ ಪ್ಯಾಕು ದಾರಿಯಲ್ಲಿ ಮಸ್ಕತ್ತಿನಲ್ಲಿ ನಾಲ್ಕು ತಾಸು ಕಾಯುವಾಗ ನಡೆಯಬೇಕೆಂದಿಲ್ಲ, ಪಟ್ಟಿಯಲ್ಲಿ ಒಮಾನ್ ಉಂಟೋ ಎಂದು ನೋಡಿಕೊಳ್ಳಬೇಕು. ಹಡಗಿನಲ್ಲಿ ದುಡಿಯುವ ಹುಡುಗರಂತೂ ಇನ್ನೂ ಜಾಗ್ರತೆಯಲ್ಲಿರಬೇಕು. ನಡುಗಡಲಿನಲ್ಲಿ ಫೋನು ಹಿಡಿಯುವುದು ಹಡಗಿನದ್ದೇ ಉಪಗ್ರಹದ ಜಾಲ, ಅದರ ದರಕ್ಕೂ ದಡದ ದರಕ್ಕೂ ಸಂಬಂಧವಿಲ್ಲ.

ಇಷ್ಟೆಲ್ಲ ಉಪದ್ರವ ಇರುವಾಗ ಊರಿನ ಸಿಮ್ಮನ್ನು ಮನೆಯಲ್ಲೇ ಇಟ್ಟು ಹೋಗಬಾರದೇ ಎಂದು ಕೇಳಬಹುದು. ಹೋಗಬಹುದಿತ್ತು, ಬ್ಯಾಂಕು ಬಿಟ್ಟರೆ. ನಿಜವಾದ ಗಂಟು ಇರುವುದೇ ಇಲ್ಲಿ. ಹಣ ಕಳುಹಿಸಲು ಓಟಿಪಿ ಬೇಕು, ಓಟಿಪಿ ಬರಲು ಊರಿನ ನಂಬರು ಬೇಕು, ಆ ನಂಬರು ಅಲ್ಲಿ ಜೀವ ಹಿಡಿಯಲು ರೋಮಿಂಗ್ ಚಾಲೂ ಇರಬೇಕು. ಬಂದರಿನ ವ್ಯಾಪಾರಿಗೆ ರೋಮಿಂಗ್ ಹಾಕಿಸಿಕೊಳ್ಳಿ ಎಂದು ಹೇಳಿದ್ದು ಅವರು ಲೆಕ್ಕ ಇಟ್ಟಿರುವ ಬ್ಯಾಂಕಿನವರೇ. ಸರಕಿನ ಪೇಮೆಂಟು ನಿಲ್ಲಬಾರದಲ್ಲ! ಆದರೆ ರೋಮಿಂಗ್ ಬೇರೆ, ಡೇಟಾ ರೋಮಿಂಗ್ ಬೇರೆ, ಮೊದಲನೆಯದು ತೆರೆದಿಟ್ಟು ಎರಡನೆಯದನ್ನು ಮುಚ್ಚಿಡಬಹುದು ಎಂದು ಯಾರೂ ಹೇಳಲಿಲ್ಲ. ಹೊರಗಿರುವಾಗ ಒಳಬರುವ ಮೆಸೇಜಿಗೆ ಇಲ್ಲಿನ ಕಂಪನಿಗಳು ಸಾಮಾನ್ಯವಾಗಿ ದುಡ್ಡು ಹಾಕುವುದಿಲ್ಲ. ಫೋನಿನ ಸೆಟ್ಟಿಂಗಿನಲ್ಲಿ ಡೇಟಾ ರೋಮಿಂಗ್ ಎಂಬ ಗುಂಡಿ ಬಂದ್ ಮಾಡಿ, ಕರೆ ಎತ್ತದೆ ಬಿಟ್ಟರೆ ಓಟಿಪಿ ಬರುತ್ತದೆ, ಬಿಲ್ಲು ಬರುವುದಿಲ್ಲ. ಮಾತಿಗೆ, ಇಂಟರ್‌ನೆಟ್ಟಿಗೆ ಅಲ್ಲಿನದೇ ಒಂದು ಸಿಮ್ಮು ಸಾಕು. ಉಮ್ರಾಕ್ಕೆ, ಹಜ್ಜಿಗೆ ಹೋಗುವವರಲ್ಲಿ ಅನುಭವಸ್ಥರು ಮಾಡುವುದು ಇದನ್ನೇ. ಸೌದಿಯಲ್ಲಿ ಸಿಮ್ಮು ಕೊಳ್ಳಲು 2016ರಿಂದ ಬೆರಳಚ್ಚು ಕಡ್ಡಾಯ. ಹಾಗಾಗಿ ಗುಂಪಿನಲ್ಲಿ ಒಬ್ಬರು ಎಲ್ಲರಿಗೂ ತಂದುಕೊಡುವಂತಿಲ್ಲ, ವಯಸ್ಸಾದವರನ್ನೂ ಅಂಗಡಿಗೆ ಕರಕೊಂಡು ಹೋಗಬೇಕು.

ಅಲ್ಲೇ ನೆಲೆಸಿದ ಮಕ್ಕಳಿಗೆ ದಾರಿ ಸ್ವಲ್ಪ ತೆರೆದಿದೆ. 2023ರ ಜನವರಿಯಲ್ಲಿ ಯುಎಇ, ಸೌದಿ, ಒಮಾನ್, ಕತಾರ್ ಸೇರಿ ಹತ್ತು ದೇಶಗಳ ನಂಬರಿನಿಂದಲೇ ಅನಿವಾಸಿಗಳ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗೆ ಯುಪಿಐ ಜೋಡಿಸಲು ಅವಕಾಶ ಕೊಡಲಾಯಿತು. ಇಪ್ಪತ್ತು ದಿನಕ್ಕೆಂದು ಮೊಮ್ಮಗನನ್ನು ನೋಡಲು ಹೋಗುವ ಅಪ್ಪ-ಅಮ್ಮನಿಗೆ ಆ ಸವಲತ್ತಿಲ್ಲ.

ಬಿಲ್ಲು ಹಿಡಿದುಕೊಂಡು ಸಾವುಕಾರರು ಕಂಪನಿಯ ಮಳಿಗೆಗೆ ಹೋದರು. ಕೌಂಟರಿನ ಹುಡುಗಿ ವಿನಯದಿಂದಲೇ, ‘ಅಂಕಲ್, ಆ್ಯಕ್ಟಿವೇಟ್ ಮಾಡಿಸಿದ್ದು ನೀವೇ ಅಲ್ವಾ?’ ಎಂದಳು. ಅದಕ್ಕೆ ಉತ್ತರವಿರಲಿಲ್ಲ. ತಕ್ಕಡಿಗೆ ಮುದ್ರೆ ಬೀಳದಿದ್ದರೆ ಇಲಾಖೆಯವರು ಅಂಗಡಿಗೆ ಬಂದು ದಂಡ ಹಾಕುತ್ತಾರೆ, ಪೊಟ್ಟಣದ ಮೇಲೆ ತೂಕ, ಬೆಲೆ ಬರೆಯದಿದ್ದರೆ ಕೇಸು. ಇಲ್ಲಿ ಎಂಬಿಯ ತಕ್ಕಡಿ ಗಿರಾಕಿಯ ಕಣ್ಣಿಗೇ ಕಾಣುವುದಿಲ್ಲ ಎಂದು ಅವರು ಗೊಣಗಿದ್ದರಲ್ಲಿ ತಪ್ಪೇನೂ ಇಲ್ಲ. ದೂರಿನ ದಾರಿ ಇಲ್ಲವೆಂದಲ್ಲ. ಮೊದಲು ಕಂಪನಿಯ ದೂರು ಕೇಂದ್ರದಲ್ಲಿ ದೂರಿತ್ತು ನಂಬರು ಪಡೆಯಬೇಕು, ತೃಪ್ತಿಯಾಗದಿದ್ದರೆ ಕಂಪನಿಯದ್ದೇ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬೇಕು. 2012ರಲ್ಲಿ ಟ್ರಾಯ್ ಮಾಡಿದ ಏರ್ಪಾಡು ಇದು. ಟೆಲಿಫೋನು ತಕರಾರು ಗ್ರಾಹಕ ನ್ಯಾಯಾಲಯದಲ್ಲಿ ನಡೆಯುವುದಿಲ್ಲ ಎಂದು ಹೇಳಿ ಜನರನ್ನು ವಾಪಸು ಕಳುಹಿಸುವ ಕಾಲವೂ ಹೋಯಿತು. ನಡೆಯುತ್ತದೆ ಎಂದು ಸುಪ್ರೀಂ ಕೋರ್ಟು 2022ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿದೆ. ಆದರೆ ಅಂಗಡಿ ಬಾಗಿಲು ಹಾಕಿ ಕಚೇರಿ ಅಲೆಯಲು ಎಷ್ಟು ಜನಕ್ಕೆ ಪುರುಸೊತ್ತು? ಸಾವುಕಾರರು ಬಿಲ್ಲು ಕಟ್ಟಿದರು.

ಕಾನೂನು ದಿಲ್ಲಿಯಿಂದ ಬರಲಿ, ಆದರೆ ಊರಿನಲ್ಲಿ ಮಾಡುವುದನ್ನು ಮಾಡಲು ಯಾರ ಅಪ್ಪಣೆ ಬೇಕು? ಟಿಕೆಟು, ವೀಸಾ ಮಾಡಿಸಿಕೊಡುವ ಟ್ರಾವೆಲ್ಸಿನವರು ಲಗೇಜು ಎಷ್ಟು ಕಿಲೋ ಎಂದು ಹೇಳುತ್ತಾರೆ, ಉಪ್ಪಿನಕಾಯಿ ಬಾಟ್ಲಿ ಹೇಗೆ ಕಟ್ಟಬೇಕೆಂದೂ ಹೇಳುತ್ತಾರೆ. ಡೇಟಾ ರೋಮಿಂಗ್ ಬಂದ್ ಮಾಡಿ ಎಂಬ ಒಂದು ಮಾತು ಸೇರಿಸಿದರೆ ಅವರ ಗಂಟೇನೂ ಹೋಗದು. ಹಂಪನಕಟ್ಟೆಯ ರೀಚಾರ್ಜ್ ಅಂಗಡಿಗಳಲ್ಲಿ ಹೊಸ ಫೋನಿನ ಸಿನೆಮಾ ನಟರ ಚಿತ್ರಗಳ ಪಕ್ಕ ಕನ್ನಡದಲ್ಲಿ ನಾಲ್ಕು ಸಾಲಿನ ಒಂದು ಬೋರ್ಡಿಗೆ ಜಾಗವಿಲ್ಲವೇ? ಬಜ್ಪೆ ವಿಮಾನ ನಿಲ್ದಾಣದಲ್ಲಿ ಹೊರಡುವ ಬಾಗಿಲ ಬಳಿ ಅಂಥದ್ದೇ ಒಂದನ್ನು ತೂಗು ಹಾಕಿದರೆ ದಿನಕ್ಕೆ ಹತ್ತು ಮನೆಯ ದುಡ್ಡಾದರೂ ಉಳಿದೀತು. ಬ್ಯಾಂಕಿನವರು ರೋಮಿಂಗ್ ಹಾಕಿಸಿ ಎಂದು ಅರ್ಧ ಹೇಳುವ ಬದಲು ಪೂರ್ತಿ ಹೇಳಿದರೆ ಸಾಕು.

ಸಾವುಕಾರರು ಬರುವ ರಜೆಗೆ ಮತ್ತೆ ಶಾರ್ಜಾಕ್ಕೆ ಹೋಗುವವರಿದ್ದಾರೆ. ಕಳೆದ ವಾರ ಪೈಂಟರನ್ನು ಕರೆಸಿ ಅಂಗಡಿಯ ಬೋರ್ಡಿನಲ್ಲಿ ಹಳೇ ನಂಬರಿನ ಕೆಳಗೆ ಕಿರಿಮಗನ ನಂಬರು ಬರೆಸಿದರು. ಅಕ್ಷರಕ್ಕೆ ಇಷ್ಟು ಎಂದು ಪೈಂಟರು ದರ ಹೇಳಿದ. ಹತ್ತು ಅಂಕಿಗೆ ಎಷ್ಟಾಯಿತೆಂದು ಏಣಿ ಹತ್ತುವ ಮೊದಲೇ ಲೆಕ್ಕ ಹಾಕಿ, ಐವತ್ತು ರೂಪಾಯಿ ಚೌಕಾಸಿ ಮಾಡಿ, ಆಮೇಲೆಯೇ ಸಾವುಕಾರರು ಬಣ್ಣದ ಡಬ್ಬಿ ತೆರೆಯಲು ಬಿಟ್ಟರು.